ಕರಿನೀರಿನ ಶಿಕ್ಷೆ: ಹೈದರಾಬಾದ್ ರೆಸಿಡೆನ್ಸಿಯಿಂದ ಅಂಡಮಾನಿಗೆ

ಅಪರಾಧಿಗಳೆಂದು ತೀರ್ಪಾದವರನ್ನು ಹಡಗಿನಲ್ಲಿ ಕಡಲಾಚೆಯ ದೂರದ ನೆಲಕ್ಕೆ ಸಾಗಿಸಿ, ಅವರ ದುಡಿಮೆಯಿಂದಲೇ ಅಲ್ಲಿ ಕಾಡು ಕಡಿಸಿ, ದಾರಿ ಹಾಕಿಸಿ, ಊರು ಕಟ್ಟಿಸುತ್ತಿದ್ದ ದಂಡನೆಯ ಪದ್ಧತಿ. ದ್ವೀಪಾಂತರ ಶಿಕ್ಷೆ ಎಂದೂ ಹೆಸರಿದೆ. ಭಾರತದಲ್ಲಿ ಇದರ ಅತಿ ದೊಡ್ಡ ಕೇಂದ್ರ ಅಂಡಮಾನ್ ದ್ವೀಪಗಳು. 1858ರ ಮಾರ್ಚಿನಲ್ಲಿ ಅಲ್ಲಿ ಆರಂಭವಾದ ಕೈದಿ ವಸಾಹತು ಎರಡನೆಯ ಮಹಾಯುದ್ಧದ ಕೊನೆಯವರೆಗೂ ಕಾಗದದ ಮೇಲಾದರೂ ಇತ್ತು. ಈ ಅವಧಿಯಲ್ಲಿ ಅಲ್ಲಿಗೆ ಹೋದವರು 80,000ಕ್ಕೂ ಹೆಚ್ಚು ಎಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಸೆಲ್ಯುಲರ್ ಜೈಲು ಮತ್ತು ಅಲ್ಲಿದ್ದ ಕ್ರಾಂತಿಕಾರರಿಂದಾಗಿ ಅಂಡಮಾನಿನ ಹೆಸರು ಮನೆಮಾತಾಗಿದ್ದರೂ ಆ ಜೈಲು ಮುಗಿದದ್ದು 1906ರಲ್ಲಿ. ಅದಕ್ಕೂ ಮೊದಲಿನ ಸುಮಾರು ಅರ್ಧ ಶತಮಾನ ದ್ವೀಪವನ್ನು ಕಟ್ಟಿದವರು 1857ರ ದಂಗೆಯ ಸಿಪಾಯಿಗಳು, ಮೌಲ್ವಿಗಳು, ರೈತರು ಮತ್ತು ಕೊಲೆ, ಡಕಾಯಿತಿ ಪ್ರಕರಣಗಳ ಸಾಮಾನ್ಯ ಕೈದಿಗಳು. ನಿಜಾಮರ ಹೈದರಾಬಾದಿನಿಂದ ಅಲ್ಲಿಗೆ ಹೋದ ಮೌಲ್ವಿ ಅಲ್ಲಾವುದ್ದೀನ್ ಈ ಮೊದಲ ತಲೆಮಾರಿನವನು.

ಹಿನ್ನೆಲೆ

ಕೈದಿಗಳನ್ನು ಕಡಲಾಚೆ ಕಳಿಸುವ ಕ್ರಮವನ್ನು ಬ್ರಿಟನ್ 1718ರ ಕಾಯ್ದೆಯಿಂದ ವ್ಯವಸ್ಥಿತವಾಗಿ ಆರಂಭಿಸಿತು. ಅಮೆರಿಕ ಸ್ವತಂತ್ರವಾಗುವವರೆಗೆ ಅಲ್ಲಿನ ತೋಟಗಳಿಗೆ ಸುಮಾರು 50,000 ಕೈದಿಗಳು ಹೋದರು. ಆ ದಾರಿ ಮುಚ್ಚಿದ ಮೇಲೆ ಆಸ್ಟ್ರೇಲಿಯದ ಸರದಿ ಬಂತು. ಕ್ಯಾಪ್ಟನ್ ಆರ್ಥರ್ ಫಿಲಿಪ್‌ನ ನೇತೃತ್ವದಲ್ಲಿ ಹನ್ನೊಂದು ಹಡಗುಗಳ ಪಡೆ 1787ರ ಮೇ 13ರಂದು ಪೋರ್ಟ್ಸ್‌ಮತ್ ಬಿಟ್ಟು 1788ರ ಜನವರಿ 26ರಂದು ಸಿಡ್ನಿಯ ದಡದಲ್ಲಿ ಬಾವುಟ ಏರಿಸಿತು. 1868ರಲ್ಲಿ ಕೊನೆಯ ಹಡಗು ಬರುವ ಹೊತ್ತಿಗೆ 1,60,000ಕ್ಕೂ ಹೆಚ್ಚು ಜನ ಅಲ್ಲಿಗೆ ಸಾಗಿಸಲ್ಪಟ್ಟಿದ್ದರು. ಫ್ರಾನ್ಸ್ ಗಯಾನಾ ಮತ್ತು ನ್ಯೂ ಕ್ಯಾಲಿಡೋನಿಯಾಗಳನ್ನೂ ರಷ್ಯಾ ಸಖಾಲಿನ್ ದ್ವೀಪವನ್ನೂ ಇದೇ ಕೆಲಸಕ್ಕೆ ಬಳಸಿದವು.

ಸಿಡ್ನಿಯ ಹಡಗುಗಳು ಹೊರಟ 1787ರಲ್ಲೇ ಈಸ್ಟ್ ಇಂಡಿಯಾ ಕಂಪನಿ ಭಾರತದ ಕೈದಿಗಳನ್ನು ಸುಮಾತ್ರಾದ ಬೆಂಕೂಲೆನ್‌ಗೆ ಕಳಿಸತೊಡಗಿತು. ಮೆಣಸಿನ ವ್ಯಾಪಾರದ ಆ ಠಾಣೆಯಲ್ಲಿ ಕೂಲಿಗೆ ಜನ ಸಿಗುತ್ತಿರಲಿಲ್ಲ. ಆಮೇಲೆ ಪೆನಾಂಗ್, ಮಾರಿಷಸ್, ಸಿಂಗಪುರ, ಮಲಕ್ಕಾ, ಬರ್ಮಾದ ಕರಾವಳಿ ಒಂದೊಂದಾಗಿ ಈ ಪಟ್ಟಿಗೆ ಸೇರಿದವು. ಎಲ್ಲೆಲ್ಲಿ ಕಂಪನಿಗೆ ರಸ್ತೆ, ಬಂದರು, ಕೋಟೆ ಬೇಕಾಗಿತ್ತೋ ಅಲ್ಲಿಗೆ ನ್ಯಾಯಾಲಯಗಳು ಜನರನ್ನು ಒದಗಿಸಿದವು. 1815ರಿಂದ 1837ರವರೆಗೆ ಬಂಗಾಳ ಮತ್ತು ಬೊಂಬಾಯಿಗಳಿಂದ ಸುಮಾರು 1,500 ಕೈದಿಗಳು ಮಾರಿಷಸ್‌ಗೆ ಹೋಗಿ ರಸ್ತೆಗಳನ್ನು ಹಾಕಿದರು. 1836ರಲ್ಲಿ ಆ ದ್ವೀಪಕ್ಕೆ ಬಂದ ಚಾರ್ಲ್ಸ್ ಡಾರ್ವಿನ್ ಈ ಕೈದಿಗಳನ್ನು ಕಂಡು ತನ್ನ ಪ್ರವಾಸ ಕಥನದಲ್ಲಿ ಅವರ ಬಗ್ಗೆ ಬರೆದಿದ್ದಾನೆ. 1861ರಲ್ಲಿ ಮುಗಿದ ಸಿಂಗಪುರದ ಸೇಂಟ್ ಆಂಡ್ರೂಸ್ ಇಗರ್ಜಿ ಭಾರತೀಯ ಕೈದಿಗಳೇ ಕಟ್ಟಿದ್ದು.

ಬಂಡಾಯ ಅಡಗಿಸಲೂ ಈ ಶಿಕ್ಷೆ ಬಳಕೆಯಾಯಿತು. ದಕ್ಷಿಣ ತಮಿಳುನಾಡಿನ ಪಾಳೆಯಗಾರರ ಯುದ್ಧ ಮುಗಿದ ಮೇಲೆ 1802ರಲ್ಲಿ ತೂತುಕುಡಿಯಿಂದ 73 ಜನರನ್ನು ಪೆನಾಂಗಿಗೆ ಸಾಗಿಸಲಾಯಿತು. ಶಿವಗಂಗೆಯ ಮರುದು ಸಹೋದರರ ಮನೆತನದ ಎಳೆಯ ಹುಡುಗನೂ ಅವರಲ್ಲಿದ್ದ. 1837ರ ಅಮರಸುಳ್ಯ ದಂಗೆಯ ನಂತರ ಕೊಡಗು ಮತ್ತು ದಕ್ಷಿಣ ಕನ್ನಡದ ಮುಂದಾಳುಗಳಲ್ಲಿ ಕೆಲವರನ್ನು ಗಲ್ಲಿಗೇರಿಸಿ, ಇನ್ನು ಕೆಲವರನ್ನು ಸಿಂಗಪುರಕ್ಕೆ ಗಡೀಪಾರು ಮಾಡಿದರು. ಕನ್ನಡ ನಾಡಿಗೆ ಕರಿನೀರಿನ ಶಿಕ್ಷೆ ಅಂಡಮಾನಿಗಿಂತ ಎರಡು ದಶಕ ಮೊದಲೇ ಪರಿಚಯವಾಗಿತ್ತು.

ಹೈದರಾಬಾದ್, 17 ಜುಲೈ 1857

ಅಮೀರ್‌ಪೇಟ್‌ನಲ್ಲಿ ಮೆಟ್ರೊದ ಕೆಂಪು ಮಾರ್ಗ ಹತ್ತಿ ಉಸ್ಮಾನಿಯಾ ಮೆಡಿಕಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಕೋಠಿ ಸಿಗುತ್ತದೆ. ಅಲ್ಲಿರುವ ಮಹಿಳಾ ವಿಶ್ವವಿದ್ಯಾಲಯದ ಆವರಣದೊಳಗಿನ ಎತ್ತರದ ಕಂಬಗಳ ಬಿಳಿಯ ಭವನವೇ ಹಳೆಯ ಬ್ರಿಟಿಷ್ ರೆಸಿಡೆನ್ಸಿ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನಿಜಾಮರ ಆಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ, ಅಂದರೆ ರೆಸಿಡೆಂಟ್, ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಇದನ್ನು ಕಟ್ಟಿಸಿದ. ಮೂಸಿ ನದಿಯ ದಕ್ಷಿಣಕ್ಕೆ ಗೋಡೆಯೊಳಗಿನ ನಿಜಾಮರ ನಗರ, ಉತ್ತರಕ್ಕೆ ರೆಸಿಡೆನ್ಸಿ.

1857ರ ಮೇ ತಿಂಗಳಲ್ಲಿ ಅಫ್ಜಲುದ್ದೌಲಾ ನಿಜಾಮನಾದ. ದಿವಾನ ಮೊದಲನೆಯ ಸಾಲಾರ್ ಜಂಗ್. ರೆಸಿಡೆಂಟ್ ಮೇಜರ್ ಕತ್‌ಬರ್ಟ್ ಡೇವಿಡ್ಸನ್. ಮೀರಠ್ ಮತ್ತು ದೆಹಲಿಯ ದಂಗೆಯ ಸುದ್ದಿ ಬಂದಂತೆ ಊರಿನ ಗೋಡೆಗಳ ಮೇಲೆ ಬ್ರಿಟಿಷರ ವಿರುದ್ಧ ಭಿತ್ತಿಪತ್ರಗಳು ಕಾಣಿಸಿದವು, ಮಸೀದಿಗಳಲ್ಲಿ ಕಾವೇರಿದ ಮಾತು ನಡೆಯಿತು. ಬುಲ್ಢಾಣಾದಲ್ಲಿದ್ದ ಹೈದರಾಬಾದ್ ಕಂಟಿಂಜೆಂಟ್ ಎಂಬ, ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಪಡೆಯ ಜಮಾದಾರ ಚೀದಾ ಖಾನ್ ದೆಹಲಿಯ ಮೇಲೆ ನಡೆಯಲು ಒಪ್ಪದೆ ಕೆಲವು ಸವಾರರೊಂದಿಗೆ ಹೈದರಾಬಾದಿಗೆ ಬಂದ. ನಿಜಾಮ ಕೈಹಿಡಿಯುತ್ತಾನೆಂಬುದು ಅವನ ಎಣಿಕೆ. ಸಾಲಾರ್ ಜಂಗ್ ಅವರೆಲ್ಲರನ್ನೂ ಹಿಡಿಸಿ ರೆಸಿಡೆಂಟನಿಗೆ ಒಪ್ಪಿಸಿದ.

ಜುಲೈ 17, ಶುಕ್ರವಾರ. ಮಧ್ಯಾಹ್ನದ ನಮಾಜಿನ ನಂತರ ಮೆಕ್ಕಾ ಮಸೀದಿಯಲ್ಲಿ ಸೇರಿದ್ದ ಜನ ಚೀದಾ ಖಾನನ ಬಿಡುಗಡೆಗೆ ಒತ್ತಾಯಿಸಿದರು. ಸಂಜೆಯ ಹೊತ್ತಿಗೆ ಬೇಗಂ ಬಜಾರಿನ ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನರ ಹಿಂದೆ ಸುಮಾರು 500 ರೋಹಿಲ್ಲಾ ಪಠಾಣರು ರೆಸಿಡೆನ್ಸಿಯತ್ತ ಹೊರಟರು. ಪುತ್ಲಿಬೌಲಿಯ ಕಡೆ, ರೆಸಿಡೆನ್ಸಿಯ ಪಶ್ಚಿಮದ ಗೋಡೆಗೆ ಎದುರಾಗಿ ಅಬ್ಬನ್ ಸಾಹೇಬ್ ಮತ್ತು ಜಯಗೋಪಾಲ ದಾಸ್ ಎಂಬ ಸಾಹುಕಾರರ ಮಹಡಿ ಮನೆಗಳಿದ್ದವು. ಅವುಗಳನ್ನು ಹಿಡಿದುಕೊಂಡು ಅಲ್ಲಿಂದ ಗುಂಡು ಹಾರಿಸಿದರು. ತೋಟದ ಕಡೆಯ ಬಾಗಿಲೊಂದನ್ನು ಒಡೆದರು. ಸಾಲಾರ್ ಜಂಗ್ ಮೊದಲೇ ಸುಳಿವು ಕೊಟ್ಟಿದ್ದರಿಂದ ಒಳಗೆ ಮದರಾಸಿನ ಕುದುರೆ ಫಿರಂಗಿ ದಳ ಸಜ್ಜಾಗಿತ್ತು. ಬಂದೂಕು ಮತ್ತು ಕತ್ತಿಗಳ ಗುಂಪು ಫಿರಂಗಿಯೆದುರು ನಿಲ್ಲುವಂತಿರಲಿಲ್ಲ. ರಾತ್ರಿಯಿಡೀ ಗುಂಡಿನ ಕಾಳಗ ನಡೆದು ಬೆಳಗಿನ ಜಾವದ ಹೊತ್ತಿಗೆ ದಾಳಿಕಾರರು ಚದುರಿದರು.

ತುರ್ರೇಬಾಜ್ ಖಾನ್ ಕೆಲವೇ ದಿನಗಳಲ್ಲಿ ಸೆರೆಯಾದ. ಅವನಿಗೆ ವಿಧಿಸಿದ್ದು ಅಂಡಮಾನಿನಲ್ಲಿ ಜೀವಾವಧಿ. ಹಡಗು ಹತ್ತುವ ಮೊದಲೇ, 1859ರ ಜನವರಿ 18ರಂದು, ಅವನು ಸೆರೆಯಿಂದ ತಪ್ಪಿಸಿಕೊಂಡ. ಹಿಡಿದುಕೊಟ್ಟವರಿಗೆ 5,000 ರೂಪಾಯಿ ಬಹುಮಾನ ಸಾರಲಾಯಿತು. ಆರೇ ದಿನಗಳಲ್ಲಿ ತೂಪ್ರಾನ್ ಬಳಿಯ ಕಾಡಿನಲ್ಲಿ ಅಲ್ಲಿನ ತಾಲೂಕುದಾರ ಕುರ್ಬಾನ್ ಅಲಿ ಬೇಗ್‌ನ ಜನ ಅವನನ್ನು ಕೊಂದರು. ಶವವನ್ನು ಹೈದರಾಬಾದಿಗೆ ತಂದು ಜನ ನೋಡುವಂತೆ ತೂಗುಹಾಕಿದರು. ಕೋಠಿಯ ಒಂದು ರಸ್ತೆಗೆ ಇಂದು ಅವನ ಹೆಸರಿದೆ.

ಮೌಲ್ವಿ ಅಲ್ಲಾವುದ್ದೀನ್ ದಾಳಿಯ ನಂತರ ಬಹುಕಾಲ ತಲೆಮರೆಸಿಕೊಂಡಿದ್ದು ಕೊನೆಗೆ ಸಿಕ್ಕಿಬಿದ್ದ. ಅವನಿಗೂ ಅದೇ ಶಿಕ್ಷೆ. 1859ರ ಜೂನ್ 28ರಂದು ಅವನನ್ನು ಅಂಡಮಾನಿಗೆ ಕಳಿಸಲಾಯಿತು. ಅಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಬದುಕಿ 1880ರ ದಶಕದಲ್ಲಿ ಅಲ್ಲೇ ತೀರಿಕೊಂಡ. ಹೈದರಾಬಾದನ್ನು ಅವನು ಮತ್ತೆ ನೋಡಲಿಲ್ಲ.

ಸುರಪುರದ ರಾಜ ವೆಂಕಟಪ್ಪ ನಾಯಕನ ಪ್ರಕರಣವೂ ಇದೇ ರೆಸಿಡೆನ್ಸಿಗೆ ಬಂತು. 1858ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಡೆಯೊಡನೆ ಕಾದಾಡಿದ ಮೇಲೆ ಅವನು ಹೈದರಾಬಾದಿಗೆ ಬಂದು ಸೆರೆಯಾದ. ಮೊದಲು ಮರಣದಂಡನೆ ವಿಧಿಸಿ, ಆಮೇಲೆ ಅದನ್ನು ಜೀವಾವಧಿ ದ್ವೀಪಾಂತರಕ್ಕೆ ಇಳಿಸಿದರು. ಗವರ್ನರ್ ಜನರಲ್ ಕ್ಯಾನಿಂಗ್ ಅದನ್ನೂ ಕಡಿಮೆ ಮಾಡಿ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆ ಎಂದು ತೀರ್ಮಾನಿಸಿದ. ಅಲ್ಲಿಗೆ ಹೊರಟ ಎಳೆಯ ರಾಜ ಹೈದರಾಬಾದಿನ ಸಮೀಪದ ಮೊದಲ ಬೀಡಿನಲ್ಲೇ ಗುಂಡು ತಗುಲಿ ಸತ್ತ. ಅವನನ್ನು ಹುಡುಗನಾಗಿದ್ದಾಗಿನಿಂದ ಬಲ್ಲ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದು ಆತ್ಮಹತ್ಯೆಯೆಂದು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಕೊಲೆಯೆಂಬ ನಂಬಿಕೆ ಸುರಪುರ ಸೀಮೆಯಲ್ಲಿ ಇಂದಿಗೂ ಇದೆ. ದಂಗೆಯಲ್ಲಿ ಕಂಪನಿಯ ಪರ ನಿಂತದ್ದಕ್ಕೆ ಪ್ರತಿಫಲವಾಗಿ 1860ರ ಒಪ್ಪಂದದಲ್ಲಿ ನಿಜಾಮನಿಗೆ ರಾಯಚೂರು ದೋಆಬ್ ಹಿಂದಕ್ಕೆ ದೊರೆಯಿತು. ಸುರಪುರ ಸಂಸ್ಥಾನವೂ ಅವನ ಪಾಲಾಯಿತು.

ವಸಾಹತಿನ ಸ್ಥಾಪನೆ

ಅಂಡಮಾನಿನಲ್ಲಿ ನೆಲೆಯೂರಲು ಕಂಪನಿ ಹಿಂದೊಮ್ಮೆ ಯತ್ನಿಸಿ ಸೋತಿತ್ತು. 1789ರಲ್ಲಿ ಆರ್ಚಿಬಾಲ್ಡ್ ಬ್ಲೇರ್ ಚಾಥಮ್ ದ್ವೀಪದಲ್ಲಿ ಒಂದು ಠಾಣೆ ಹಾಕಿದ್ದ. 1792ರಲ್ಲಿ ಅದನ್ನು ಅಂಡಮಾನಿನ ಈಶಾನ್ಯದ ಬಂದರೊಂದಕ್ಕೆ ಸಾಗಿಸಿದರು. ಅಲ್ಲಿ ಜ್ವರದ ಹಾವಳಿಗೆ ಸಿಕ್ಕಿ 1796ರಲ್ಲಿ ಮುಚ್ಚಬೇಕಾಯಿತು.

1857ರ ದಂಗೆ ಈ ಹಳೆಯ ಯೋಜನೆಗೆ ಜೀವ ಕೊಟ್ಟಿತು. ಉತ್ತರ ಭಾರತದ ಸೆರೆಮನೆಗಳು ಅನೇಕ ಕಡೆ ಒಡೆದುಹೋಗಿದ್ದವು. ಸಿಂಗಪುರದ ಯುರೋಪಿಯನ್ ವರ್ತಕರು ದಂಗೆಕೋರರು ತಮ್ಮೂರಿಗೆ ಬೇಡವೆಂದು ಹಟಹಿಡಿದಿದ್ದರು. ಬಂಗಾಳಕೊಲ್ಲಿಯಲ್ಲಿ ಒಡೆದ ಹಡಗುಗಳಿಗೆ ಆಸರೆಯಾಗುವ ಬಂದರೂ ಬೇಕಿತ್ತು. ಬಂಗಾಳದ ಸೆರೆಮನೆಗಳ ಇನ್‌ಸ್ಪೆಕ್ಟರ್ ಡಾ. ಫ್ರೆಡರಿಕ್ ಮೌಅಟ್ ಅಧ್ಯಕ್ಷತೆಯ ಮೂವರ ಸಮಿತಿ ‘ಪ್ಲೂಟೊ’ ಹಡಗಿನಲ್ಲಿ ದ್ವೀಪಗಳನ್ನು ಸುತ್ತಿ ನೋಡಿ ಬ್ಲೇರ್‌ನ ಹಳೆಯ ಬಂದರನ್ನೇ ಆರಿಸಿತು. 1858ರ ಜನವರಿಯಲ್ಲಿ ಕ್ಯಾಪ್ಟನ್ ಹೆನ್ರಿ ಮ್ಯಾನ್ ಅಲ್ಲಿ ಬ್ರಿಟಿಷ್ ಬಾವುಟ ನೆಟ್ಟ.

ಮಾರ್ಚ್ 4ರಂದು ಕಲ್ಕತ್ತೆಯಿಂದ ‘ಸೆಮಿರಾಮಿಸ್’ ಹಡಗು 200 ಕೈದಿಗಳನ್ನು ಹೊತ್ತು ಹೊರಟು 10ನೆಯ ತಾರೀಖು ಪೋರ್ಟ್ ಬ್ಲೇರ್ ತಲುಪಿತು. ಆಗ್ರಾ ಜೈಲಿನ ಅಧಿಕಾರಿಯಾಗಿದ್ದ ಡಾ. ಜೇಮ್ಸ್ ಪ್ಯಾಟಿಸನ್ ವಾಕರ್ ಸೂಪರಿಂಟೆಂಡೆಂಟ್. ಕಾವಲಿಗೆ ನೌಕಾಪಡೆಯ 50 ಜನ. ಕೈದಿಗಳಿಗೆ ತಂಗಲು ಕಟ್ಟಡವಾಗಲಿ ಗುಡಿಸಲಾಗಲಿ ಇರಲಿಲ್ಲ. ತಮ್ಮ ಸೆರೆಮನೆಯನ್ನು ಅವರೇ ಕಟ್ಟಿಕೊಳ್ಳಬೇಕಿತ್ತು. ಮೊದಲು ಚಾಥಮ್ ದ್ವೀಪದ ಕಾಡು ಕಡಿದರು. ಅಲ್ಲಿ ಕುಡಿಯುವ ನೀರು ಸಾಲದೆ ರಾಸ್ ದ್ವೀಪಕ್ಕೆ ಸಾಗಿದರು. ಬೆನ್ನಲ್ಲೇ ಕರಾಚಿಯಿಂದ ‘ರೋಮನ್ ಎಂಪರರ್’ ಮತ್ತು ಇತರ ಹಡಗುಗಳು ಇನ್ನಷ್ಟು ಕೈದಿಗಳನ್ನು ತಂದವು.

ಮೊದಲ ನೂರು ದಿನಗಳ ಲೆಕ್ಕ ಅಧಿಕಾರಿಗಳ ವರದಿಯಲ್ಲೇ ಇದೆ. 1858ರ ಜೂನ್ 16ರವರೆಗೆ ಬಂದ ಕೈದಿಗಳು 773. ಆಸ್ಪತ್ರೆಯಲ್ಲಿ ಸತ್ತವರು 64. ಓಡಿಹೋಗಿ ಪತ್ತೆಯಾಗದವರು 140. ಅವರು ಹಸಿವಿನಿಂದಲೋ ದ್ವೀಪವಾಸಿಗಳ ಬಾಣದಿಂದಲೋ ಸತ್ತಿರಬೇಕೆಂದು ಭಾವಿಸಲಾಯಿತು. ಆತ್ಮಹತ್ಯೆ ಮಾಡಿಕೊಂಡವನು ಒಬ್ಬ. ತಪ್ಪಿಸಿಕೊಂಡು ಮತ್ತೆ ಸಿಕ್ಕಿ ಗಲ್ಲಿಗೇರಿದವರು 87. ಉಳಿದವರು 481. ಬರ್ಮಾಕ್ಕೆ ಕಾಡುದಾರಿಯಿದೆ, ಅಲ್ಲಿನ ದೊರೆ ಆಶ್ರಯ ಕೊಡುತ್ತಾನೆ ಎಂಬ ಗಾಳಿಸುದ್ದಿಯನ್ನು ನಂಬಿ ಓಡಿದವರೇ ಹೆಚ್ಚು. ಸುತ್ತಲೂ ಸಮುದ್ರವೆಂದು ತಿಳಿದ ಮೇಲೆ ಹಸಿದು ಹಿಂದಿರುಗಿದವರನ್ನು ವಾಕರ್ ನೇಣಿಗೆ ಹಾಕಿದ. ಕಲ್ಕತ್ತೆಯ ಸರ್ಕಾರ ಇದಕ್ಕೆ ಅಸಮ್ಮತಿ ಸೂಚಿಸಿತು. 1859ರ ಅಕ್ಟೋಬರಿನಲ್ಲಿ ಅವನ ಜಾಗಕ್ಕೆ ಕ್ಯಾಪ್ಟನ್ ಜೆ. ಸಿ. ಹಾಟನ್ ಬಂದ. ಹೈದರಾಬಾದಿನ ಮೌಲ್ವಿ ದ್ವೀಪಕ್ಕೆ ಹೋದದ್ದು ಈ ಬದಲಾವಣೆಯ ವರ್ಷದಲ್ಲಿ.

ದ್ವೀಪವಾಸಿಗಳೊಡನೆ ಸಂಘರ್ಷ

ಗ್ರೇಟ್ ಅಂಡಮಾನೀಸ್ ಬುಡಕಟ್ಟುಗಳಿಗೆ ಕಾಡು ಕಡಿಯುವವರು ಮತ್ತು ಕಡಿಸುವವರು ಇಬ್ಬರೂ ನೆಲ ಕಿತ್ತುಕೊಂಡವರೇ. ಆದರೂ 1859ರ ಏಪ್ರಿಲ್‌ನಲ್ಲಿ ಕೈದಿಗಳ ತಂಡಗಳ ಮೇಲೆ ನಡೆದ ದಾಳಿಯಲ್ಲಿ ಅವರು ಕಾಲಿಗೆ ಬೇಡಿಯಿದ್ದವರನ್ನು ಪಕ್ಕಕ್ಕೆ ಸರಿಸಿ, ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿಗಳ ಮೇಲೆ ಬಿದ್ದರೆಂದು ಅಂದಿನ ವರದಿಗಳು ಹೇಳುತ್ತವೆ. ಮೇ ತಿಂಗಳಲ್ಲಿ ಅಬರ್ಡೀನ್ ಠಾಣೆಯ ಮೇಲೆ ದೊಡ್ಡ ದಾಳಿ ನಡೆಯಿತು. ಬ್ರಿಟಿಷರಿಗೆ ಇದರ ಸುಳಿವು ಕೊಟ್ಟವನು ದೂಧನಾಥ್ ತಿವಾರಿ. ಅವನು ದಂಗೆಯೆದ್ದ 14ನೆಯ ಪದಾತಿ ದಳದ ಸಿಪಾಯಿ; ಕೈದಿ ಸಂಖ್ಯೆ 276. 1858ರ ಏಪ್ರಿಲ್‌ನಲ್ಲಿ ಗುಂಪಿನೊಂದಿಗೆ ತಪ್ಪಿಸಿಕೊಂಡು ಹೋಗಿದ್ದ. ಜೊತೆಯವರು ಬಾಣಗಳಿಗೆ ಬಲಿಯಾದರು; ಗಾಯಗೊಂಡ ಅವನನ್ನು ಬುಡಕಟ್ಟಿನವರು ಬದುಕಿಸಿಕೊಂಡರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವರೊಡನಿದ್ದ. ಅವರಲ್ಲೇ ಮದುವೆಯೂ ಆಯಿತು. ದಾಳಿಗೆ ಸಿದ್ಧತೆ ನಡೆಯುತ್ತಿದ್ದಾಗ ಓಡಿಬಂದು ವಸಾಹತಿಗೆ ತಿಳಿಸಿದ. ಬಿಲ್ಲುಬಾಣಗಳ ಪಡೆ ಹಡಗಿನ ಫಿರಂಗಿ ಮತ್ತು ಬಂದೂಕುಗಳೆದುರು ಸೋತಿತು. ತಿವಾರಿಗೆ ಕ್ಷಮಾದಾನ ಸಿಕ್ಕಿತು.

ಸೋಲಿಗಿಂತ ಹೆಚ್ಚು ಹಾನಿ ಮಾಡಿದ್ದು ರೋಗ. ಬುಡಕಟ್ಟಿನವರನ್ನು ಪಳಗಿಸಲೆಂದು ತೆರೆದ ‘ಅಂಡಮಾನ್ ಹೋಮ್’ಗಳ ಮೂಲಕ 1870ರ ದಶಕದಲ್ಲಿ ಮೇಹರೋಗ ಮತ್ತು ದಡಾರ ಹರಡಿದವು. 1858ರಲ್ಲಿ ಕೆಲವು ಸಾವಿರವಿದ್ದ ಗ್ರೇಟ್ ಅಂಡಮಾನೀಸರು 1901ರ ಜನಗಣತಿಯಲ್ಲಿ 625ಕ್ಕೂ 1961ರಲ್ಲಿ 19ಕ್ಕೂ ಇಳಿದರು.

ಕೈದಿಯ ಬದುಕು

ದ್ವೀಪಕ್ಕೆ ಬಂದ ಕೈದಿಯ ಕೊರಳಿಗೆ ಕಬ್ಬಿಣದ ಬಳೆಯಲ್ಲಿ ಮರದ ಬಿಲ್ಲೆಯೊಂದನ್ನು ತೂಗುಹಾಕುತ್ತಿದ್ದರು. ಅದರ ಮೇಲೆ ಕೈದಿಯ ಸಂಖ್ಯೆ, ಶಿಕ್ಷೆಯಾದ ಕಲಮು, ಶಿಕ್ಷೆಯ ದಿನಾಂಕ, ಅವಧಿಯುಳ್ಳವನಾದರೆ ಬಿಡುಗಡೆಯ ದಿನಾಂಕ ಇರುತ್ತಿದ್ದವು. ಜೀವಾವಧಿಯವನಿಗೆ ಬೇರೆ ಗುರುತು, ಅಪಾಯಕಾರಿಯೆಂದು ತಿಳಿದವನಿಗೆ ಮತ್ತೊಂದು. ಕೊರಳು ನೋಡಿದರೆ ಸಾಕು, ಕಾವಲುಗಾರನಿಗೆ ಪೂರ್ತಿ ಪ್ರಕರಣ ತಿಳಿಯುತ್ತಿತ್ತು.

ಇಷ್ಟು ಜನರನ್ನು ಕಾಯಲು ಸಾಕಷ್ಟು ಯುರೋಪಿಯನ್ನರಿರಲಿಲ್ಲ. ಆದ್ದರಿಂದ ಕೈದಿಗಳಿಂದಲೇ ಕೈದಿಗಳನ್ನು ಆಳಿಸುವ ಸಿಂಗಪುರದ ಕ್ರಮವನ್ನು ಇಲ್ಲೂ ತಂದರು. ಹಳಬರಲ್ಲಿ ಕೆಲವರು ಪೆಟ್ಟಿ ಆಫೀಸರ್, ಟಿಂಡಾಲ್, ಜಮಾದಾರ್ ಆಗುತ್ತಿದ್ದರು. ಬಣ್ಣದ ಪಟ್ಟಿ, ಬಿಲ್ಲೆ ಮತ್ತು ಒಂದಿಷ್ಟು ಭತ್ಯೆಯ ಆಸೆಗೆ ತಮ್ಮವರ ಬೆನ್ನಮೇಲೆ ಕೋಲು ಆಡಿಸಲು ಸಿದ್ಧರಾದವರು ಯಾವ ಕಾಲದಲ್ಲೂ ಸಿಕ್ಕರು. ಕೈದಿಗಳ ಬರಹಗಳಲ್ಲಿ ಗೋರಾ ಅಧಿಕಾರಿಗಿಂತ ಈ ಮೇಲ್ವಿಚಾರಕರ ಮೇಲಿನ ಸಿಟ್ಟೇ ಹೆಚ್ಚು.

ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಶಿಕ್ಷೆ ಮೆಟ್ಟಿಲು ಮೆಟ್ಟಿಲಾಗಿ ರೂಪುಗೊಂಡಿತ್ತು. ಮೊದಲ ಆರು ತಿಂಗಳು ಒಂಟಿ ಕೋಣೆ. ಮುಂದಿನ ಒಂದೂವರೆ ವರ್ಷ ಜೈಲಿನೊಳಗೆ ಇತರರೊಡನೆ ದುಡಿಮೆ. ಆಮೇಲೆ ಮೂರು ವರ್ಷ ಹಗಲಲ್ಲಿ ಹೊರಗೆ ಕೂಲಿಯಿಲ್ಲದ ಕೆಲಸ, ರಾತ್ರಿ ಬ್ಯಾರಕ್. ಅನಂತರದ ಐದು ವರ್ಷ ಸಣ್ಣ ಭತ್ಯೆ ಮತ್ತು ಸಣ್ಣ ಹುದ್ದೆಗಳ ಅವಕಾಶ. ಹತ್ತು ವರ್ಷ ತುಂಬಿಸಿದ ಒಳ್ಳೆಯ ನಡತೆಯವನಿಗೆ ರಹದಾರಿ ಚೀಟಿ ಸಿಗುತ್ತಿತ್ತು. ಅವನು ಹಳ್ಳಿಯೊಂದರಲ್ಲಿ ಜಮೀನು ಪಡೆದು ಉಳಬಹುದು, ದನ ಕಟ್ಟಬಹುದು, ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ದ್ವೀಪ ಬಿಟ್ಟು ಹೋಗುವುದೊಂದು ಸಾಧ್ಯವಿರಲಿಲ್ಲ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಮೇಲೆ ಪೂರ್ಣ ಬಿಡುಗಡೆಯ ವಿಚಾರ ಬರುತ್ತಿತ್ತು.

ಹೆಂಗಸರೂ ಇಲ್ಲಿಗೆ ಬಂದರು, ಸಂಖ್ಯೆಯಲ್ಲಿ ಗಂಡಸರಿಗಿಂತ ಬಹಳ ಕಡಿಮೆ. ವಸಾಹತು ನೆಲೆನಿಲ್ಲಲು ಸಂಸಾರಗಳು ಬೇಕೆಂದು ಸರ್ಕಾರವೇ ಕೈದಿಗಳ ಮದುವೆ ಮಾಡಿಸಿತು. ಐದು ವರ್ಷ ಕಳೆದ ಕೈದಿ ಹೆಂಗಸು, ರಹದಾರಿ ಪಡೆದ ಗಂಡಸಿನ ಜೊತೆ ಅಧಿಕಾರಿಗಳ ಒಪ್ಪಿಗೆಯಿಂದ ಮದುವೆಯಾಗಬಹುದಿತ್ತು. ಪ್ರಾಂತ, ಭಾಷೆ, ಜಾತಿ ಬೇರೆಬೇರೆಯಾದ ಇಂಥ ಮದುವೆಗಳಿಂದ ಹುಟ್ಟಿದ ಮಕ್ಕಳು ‘ಲೋಕಲ್ ಬಾರ್ನ್’ ಎಂಬ ಹೊಸ ಸಮುದಾಯವಾದರು. ಅವರ ಮಾತು ಹಿಂದುಸ್ತಾನಿ. 1901ರ ಹೊತ್ತಿಗೆ ವಸಾಹತಿನಲ್ಲಿ ಸುಮಾರು 12,000 ಕೈದಿಗಳಿದ್ದರು.

ವಸಾಹತಿನ ಒಳಗಿನ ಚಿತ್ರ ಕೊಟ್ಟವರಲ್ಲಿ ಥಾನೇಸರದ ಜಾಫರ್ ಮುಖ್ಯ. 1864ರ ಅಂಬಾಲಾ ಮೊಕದ್ದಮೆಯಲ್ಲಿ ಶಿಕ್ಷೆಗೊಳಗಾದ ಆತ 1866ರಿಂದ 1883ರವರೆಗೆ ಅಲ್ಲಿದ್ದ. ಕಚೇರಿಯ ಗುಮಾಸ್ತನಾಗಿ, ಅಧಿಕಾರಿಗಳಿಗೆ ಭಾಷೆ ಕಲಿಸುವವನಾಗಿ, ಅಲ್ಲೇ ಮದುವೆಯಾಗಿ ಬಾಳಿದ. ಬಿಡುಗಡೆಯಾಗಿ ಬಂದು ಉರ್ದುವಿನಲ್ಲಿ ತನ್ನ ಅನುಭವ ಬರೆದ. ತರ್ಕಶಾಸ್ತ್ರದ ವಿದ್ವಾಂಸ ಫಜ್ಲೇ ಹಕ್ ಖೈರಾಬಾದಿಗೆ ಆ ಅದೃಷ್ಟವಿರಲಿಲ್ಲ; 1861ರಲ್ಲಿ ಅಲ್ಲೇ ಸತ್ತ. ಓದು ಬರಹ ಬಲ್ಲವರಿಗೆ ಕಚೇರಿಯ ನೆರಳು ಸಿಗುತ್ತಿತ್ತು. ಉಳಿದವರ ಪಾಲಿಗೆ ಕೊಡಲಿ, ಹಾರೆ, ಜೌಗು ನೆಲ, ಮಲೇರಿಯಾ.

1872ರ ಫೆಬ್ರವರಿ 8ರ ಸಂಜೆ ವೈಸ್‌ರಾಯ್ ಲಾರ್ಡ್ ಮೇಯೊ ಮೌಂಟ್ ಹ್ಯಾರಿಯಟ್ ನೋಡಿ ಹೋಪ್‌ಟೌನಿನ ದೋಣಿಕಟ್ಟೆಗೆ ಇಳಿದಾಗ ಕತ್ತಲಲ್ಲಿ ಒಬ್ಬ ಕೈದಿ ಚೂರಿಯಿಂದ ಇರಿದು ಕೊಂದ. ಶೇರ್ ಅಲಿ ಅಫ್ರಿದಿ ಎಂಬ ಆತ ಸನ್ನಡತೆಯಿಂದ ಕ್ಷೌರಿಕನ ಕೆಲಸಕ್ಕೆ ಏರಿದ್ದವನು. ಮಾರ್ಚ್ 11ರಂದು ವೈಪರ್ ದ್ವೀಪದಲ್ಲಿ ಅವನಿಗೆ ಗಲ್ಲಾಯಿತು.

ಸೆಲ್ಯುಲರ್ ಜೈಲು

ಜಮೀನು, ಸಂಸಾರ, ಅರೆಸ್ವಾತಂತ್ರ್ಯ ಇರುವ ಶಿಕ್ಷೆ ಸಾಕಷ್ಟು ಕಠಿಣವಲ್ಲ ಎಂಬ ವಾದ 1890ರ ದಶಕದಲ್ಲಿ ಬಲವಾಯಿತು. ಮೊದಲ ಹಂತದಲ್ಲಿ ಕೈದಿಯನ್ನು ಒಂಟಿಯಾಗಿಡಲು 1896ರಲ್ಲಿ ಆರಂಭಿಸಿ 1906ರಲ್ಲಿ ಮುಗಿಸಿದ ಕಟ್ಟಡವೇ ಸೆಲ್ಯುಲರ್ ಜೈಲು. ನಡುವೆ ಕಾವಲು ಗೋಪುರ, ಅದರ ಸುತ್ತ ಮೂರು ಅಂತಸ್ತಿನ ಏಳು ಸಾಲು, ಸುಮಾರು 690 ಕೋಣೆಗಳು. ಒಂದು ಸಾಲಿನ ಬಾಗಿಲುಗಳು ಇನ್ನೊಂದರ ಬೆನ್ನಿಗೆ ಎದುರಾಗಿರುವುದರಿಂದ ಒಬ್ಬ ಕೈದಿ ಇನ್ನೊಬ್ಬನ ಮುಖ ನೋಡುವಂತಿರಲಿಲ್ಲ. ಇದನ್ನು ಕಟ್ಟಿದವರೂ ಕೈದಿಗಳೇ.

1909ರಲ್ಲಿ ಬಾರೀಂದ್ರ ಘೋಷ್, ಉಲ್ಲಾಸಕರ ದತ್ತ ಮೊದಲಾದ ಅಲಿಪುರ ಮೊಕದ್ದಮೆಯ ಕೈದಿಗಳು ಬಂದರು. 1911ರಲ್ಲಿ ವಿನಾಯಕ ದಾಮೋದರ ಸಾವರ್ಕರ್ ಮದರಾಸಿನಿಂದ ‘ಮಹಾರಾಜಾ’ ಹಡಗಿನಲ್ಲಿ ಜುಲೈ 4ರಂದು ತಲುಪಿದರು. ಅಣ್ಣ ಗಣೇಶ ಸಾವರ್ಕರ್ ಆಗಲೇ ಅಲ್ಲಿದ್ದರು. ಜೈಲರ್ ಡೇವಿಡ್ ಬ್ಯಾರಿಯ ಆಳ್ವಿಕೆಯಲ್ಲಿ ಎತ್ತಿನ ಬದಲು ಕೈದಿಗಳನ್ನು ಗಾಣಕ್ಕೆ ಕಟ್ಟಿ ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಸುತ್ತಿದ್ದರು. ಅಲ್ಲೂರಿ ಸೀತಾರಾಮರಾಜುವಿನ ಹೋರಾಟದಲ್ಲಿ ಸೆರೆಸಿಕ್ಕ ಮನ್ಯದ ಗಿರಿಜನರಲ್ಲೂ ಕೆಲವರು 1920ರ ದಶಕದಲ್ಲಿ ಅಂಡಮಾನ್ ಕಂಡರು. 1921ರ ಮಲಬಾರ್ ದಂಗೆಯ ಮಾಪಿಳ್ಳೆ ಕೈದಿಗಳು ಕುಟುಂಬಗಳನ್ನು ಕರೆಸಿಕೊಂಡು ಊರು ಕಟ್ಟಿದರು. ದಕ್ಷಿಣ ಅಂಡಮಾನಿನಲ್ಲಿರುವ ಕಲ್ಲಿಕೋಟೆ, ಮಂಜೇರಿ, ತಿರೂರ್ ಎಂಬ ಹಳ್ಳಿಗಳು ಅವರವೇ.

1933ರ ಉಪವಾಸ ಸತ್ಯಾಗ್ರಹದಲ್ಲಿ ಬಲವಂತದ ಆಹಾರ ಕೊಡುವಾಗ ಮಹಾವೀರ ಸಿಂಗ್, ಮೋಹನ್ ಕಿಶೋರ್ ನಮೋದಾಸ್ ಮತ್ತು ಮೋಹಿತ್ ಮೈತ್ರಾ ಪ್ರಾಣ ಕಳೆದುಕೊಂಡರು. 1937ರಲ್ಲಿ ಮತ್ತೊಂದು ದೊಡ್ಡ ಉಪವಾಸ ನಡೆದು, ದೇಶದಲ್ಲೆಲ್ಲ ಕೂಗೆದ್ದ ಮೇಲೆ 1938ರ ಜನವರಿಯ ಹೊತ್ತಿಗೆ ರಾಜಕೀಯ ಕೈದಿಗಳೆಲ್ಲ ಭಾರತಕ್ಕೆ ಮರಳಿದರು.

ಅಂತ್ಯ

ವಸಾಹತನ್ನು ಮುಚ್ಚಬೇಕೆಂದು 1919-20ರ ಭಾರತೀಯ ಜೈಲು ಸಮಿತಿ ಶಿಫಾರಸು ಮಾಡಿತ್ತು, 1921ರಲ್ಲಿ ಸರ್ಕಾರ ಒಪ್ಪಿಯೂ ಇತ್ತು. ಮುಖ್ಯಭೂಮಿಯ ಜೈಲುಗಳಲ್ಲಿ ಜಾಗವಿಲ್ಲದ್ದರಿಂದ ಕೈದಿಗಳ ಸಾಗಾಟ ನಿಲ್ಲಲಿಲ್ಲ. 1942ರ ಮಾರ್ಚ್ 23ರಂದು ಜಪಾನಿ ಸೇನೆ ದ್ವೀಪಗಳನ್ನು ವಶಪಡಿಸಿಕೊಂಡಿತು. 1945ರ ಅಕ್ಟೋಬರಿನಲ್ಲಿ ಬ್ರಿಟಿಷರು ಹಿಂದಿರುಗಿದಾಗ ಉಳಿದ ಕೈದಿಗಳಿಗೆ ಕ್ಷಮಾದಾನ ನೀಡಿ ಕೈದಿ ವಸಾಹತನ್ನು ರದ್ದುಗೊಳಿಸಿದರು. ಭಾರತೀಯ ದಂಡಸಂಹಿತೆಯಲ್ಲಿದ್ದ ದ್ವೀಪಾಂತರ ಶಿಕ್ಷೆಯ ಜಾಗದಲ್ಲಿ ಜೀವಾವಧಿ ಸೆರೆವಾಸ ಬಂದದ್ದು ಸಂಸತ್ತು 1955ರಲ್ಲಿ ಮಾಡಿದ ತಿದ್ದುಪಡಿಯಿಂದ.

ಸೆಲ್ಯುಲರ್ ಜೈಲಿನ ಏಳು ಸಾಲುಗಳಲ್ಲಿ ಈಗ ಮೂರು ಉಳಿದಿವೆ. 1979ರ ಫೆಬ್ರವರಿ 11ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ದೇಶಕ್ಕೆ ಅರ್ಪಿಸಿದರು. ರಾಸ್ ದ್ವೀಪಕ್ಕೆ 2018ರಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರ ಹೆಸರನ್ನು ಇಡಲಾಯಿತು; 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು.

ಮೌಲ್ಯಮಾಪನ

ಶಿಕ್ಷೆಯಾಗಿ ಈ ಪದ್ಧತಿ ಸರ್ಕಾರದ ಉದ್ದೇಶವನ್ನು ಈಡೇರಿಸಲಿಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಭಯ ಜನರನ್ನು ಅಪರಾಧದಿಂದ ದೂರವಿಡುತ್ತದೆಂದು ಅಧಿಕಾರಿಗಳು ನೆಚ್ಚಿದ್ದರು. ಬಂಡಾಯಗಳಾಗಲಿ ಅಪರಾಧಗಳಾಗಲಿ ಅದರಿಂದ ಕಡಿಮೆಯಾದದ್ದಕ್ಕೆ ಆಧಾರವಿಲ್ಲ; ಶಿಕ್ಷೆ ಸಾಕಷ್ಟು ಕಠಿಣವಲ್ಲವೆಂದು ಸರ್ಕಾರವೇ ಮತ್ತೆಮತ್ತೆ ಸಮಿತಿ ನೇಮಿಸಿತು. ನೆಲ ಹಿಡಿಯುವ ಉಪಾಯವಾಗಿ ಮಾತ್ರ ಅದು ಗೆದ್ದಿತು. ಕೂಲಿ ಕೊಟ್ಟರೂ ಯಾರೂ ಹೋಗದ ದ್ವೀಪದಲ್ಲಿ ಕೂಲಿಯಿಲ್ಲದೆ ಬಂದರು, ರಸ್ತೆ, ಹೊಲ, ಮರದ ಮಿಲ್ಲು, ಆಸ್ಪತ್ರೆ ಎದ್ದವು. ಅದರ ಬೆಲೆಯನ್ನು ಕೈದಿಗಳ ಜೊತೆಗೆ ಅಲ್ಲಿನ ಮೂಲನಿವಾಸಿಗಳೂ ತೆತ್ತರು.

ಇಂದು ಸ್ಮಾರಕದ ಕಲ್ಲುಗಳ ಮೇಲೆ ಹೆಚ್ಚಾಗಿ ಕಾಣುವುದು 1909ರ ನಂತರದ ರಾಜಕೀಯ ಕೈದಿಗಳ ಹೆಸರುಗಳು. ಅದು ನ್ಯಾಯವೇ, ಆದರೆ ಪೂರ್ತಿ ನ್ಯಾಯವಲ್ಲ. ಮೌಲ್ವಿ ಅಲ್ಲಾವುದ್ದೀನನಂಥವರ ಹೆಸರು ಇತಿಹಾಸದ ಪುಸ್ತಕಗಳಲ್ಲಾದರೂ ಉಳಿದಿದೆ. ಅವನ ಜೊತೆ ಕಾಡು ಕಡಿದ ಸಾವಿರಾರು ಜನರದ್ದು ಕಡತಗಳಲ್ಲಿ ಕೊರಳಬಿಲ್ಲೆಯ ಸಂಖ್ಯೆ ಮಾತ್ರ. ಅಂಡಮಾನಿನ ಚರಿತ್ರೆಯನ್ನು ಜೈಲಿನ ಬಾಗಿಲಿನಿಂದ ಆರಂಭಿಸದೆ 1858ರ ಮಾರ್ಚ್ 10ರ ದಡದಿಂದ ಓದಿದರೆ ಮಾತ್ರ ಇವರೆಲ್ಲ ಲೆಕ್ಕಕ್ಕೆ ಬರುತ್ತಾರೆ.